ವಕಾರ್ ಕುಂತಿದ್ದ ಫೋಲ್ಡರ್

ಸಣ್ಣಗ ಮಾತಾಡ್ರಿ, ಬಾಜೂ ಮನಿಯಾಗ ವಕಾರ್ ಮಲಗ್ಯಾನ. ಅವಂದೇ ಕತಿ ಇದು. ನಾ ದೆವ್ವ ಭೂತ ಅಂತ ನಂಬಾಕಿ ಅಲ್ಲ. ನಂದೇನಿದ್ರೂ ಮೊದಲ ಮನಷ್ಯಾರ ಮ್ಯಾಲ ಸಂಶಯ.

ಹೋದ ಚಳಿಗಾಲದಾಗ ಅವ ಕಲಬುರಗಿಯಿಂದ ಬಂದು ಕಮಲಾಪುರದಾಗ ಬಸ್ ಇಳದ. ರಾತ್ರಿ ಒಂಬತ್ತೂವರಿ. ಹಳೀ ಬಾವಿ ಹಾದು ಮನಿಗಿ ಬರಬೇಕು. ಬಾವಿ ಹತ್ರ ಚೀಲ ತಡವಿದ... ಕೈಗಿ ಹಾರ್ಡ್ ಡಿಸ್ಕ್ ಹತ್ತಿತು. ಅದು ಸ್ಟುಡಿಯೋದಾಗ ಕಂಪ್ಯೂಟರಿಗಿ ಹಚ್ಚಿರಬೇಕಿತ್ತು.

ಅವ ಬ್ರಹ್ಮಪುರದ ಒಂದು ಫೋಟೋ ಸ್ಟುಡಿಯೋದಾಗ ಕಂಪ್ಯೂಟರ್ ಕೆಲಸ ಮಾಡ್ತಾನ. ಎಂಟಕ್ಕ ಬಾಗಿಲಾ ಹಾಕೂ ಮುಂದ ಒಂದು ಸ್ಕ್ರಿಪ್ಟ್ ಚಾಲೂ ಮಾಡಿ ಬರ್ತಾನ. ಸ್ಕ್ರಿಪ್ಟ್ ಅಂದ್ರ ಕಂಪ್ಯೂಟರಿಗಿ ಬರದು ಕೊಟ್ಟ ಕೆಲಸದ ಚೀಟಿ. ಎರಡು ತಾಸು ಮದುವಿ ಫೋಟೋ ಸಣ್ಣದು ಮಾಡು. ಆಮ್ಯಾಲ ಡಿಸ್ಕಿನಾಗಿನ ಕಸದ ಫೋಲ್ಡರಿಗಿ ಹೋಗು, ಅಲ್ಲಿರೂದೆಲ್ಲಾ ಅಳಸು. ಹೋಗಾಕ ಆಗಲಿಲ್ಲಂದ್ರ ನಿಂದ್ರು ಅಂತ ಬರೀಬೇಕಿತ್ತು... ಬರದಿದ್ದಿಲ್ಲ. ಡಿಸ್ಕ್ ನೋಡಿದ್ರ ಚೀಲದಾಗ. ಹಂಗಂದ್ರ ಸ್ಕ್ರಿಪ್ಟ್ ಎಲ್ಲೂ ಹೋಗದ, ಚಾಲೂ ಮಾಡಿದ ಫೋಲ್ಡರಿನಾಗೇ ನಿಂತು ಎಲ್ಲಾ ಅಳಸ್ತದ.

ಚಾಲೂ ಮಾಡಿದ್ದು, ತೀರಿಹೋದ ಅವರವ್ವ ಮಸ್ತಾನಬಿ ದನಿ ಇಟ್ಟಿದ್ದ ಫೋಲ್ಡರಿನಾಗ. ಹನ್ನೊಂದು ರೆಕಾರ್ಡಿಂಗ್. ಹಳೀ ಫೋನ್ ಕೆಟ್ಟು ಹೋಗಿತ್ತು, ಬ್ಯಾರೆ ಎಲ್ಲೂ ನಕಲಿಲ್ಲ. ದಿನಾ ಅವನ್ನ ಕೇಳೇ ಬಾಗಿಲಾ ಹಾಕತಿದ್ದ.

ಇನ್ನೊಂದು ಕೀಲಿ ಜೇವರ್ಗಿ ಕಾಲೋನಿಯ ಸರ್ಫರಾಜ್ ಹತ್ರ ಇತ್ತು. ಅವನೂ ಅದೇ ಸ್ಟುಡಿಯೋದಾಗ ಇರ್ತಾನ. ಫೋನ್ ಹಚ್ಚಿದ್ರ ಬಂದ್. ಅರ್ಧ ತಾಸಿನಾಗ ಕಲಬುರಗಿ ಮುಟ್ಟೂದು ಆಗೂ ಮಾತಲ್ಲ, ಆದರೂ ರೋಡಿನ ಕಡಿ ತಿರುಗಿದ. ಆಗ ಬಾವಿಯೊಳಗ... ಗುಳುಗುಳು... ಗುಳುಕ್. ಕೊಡ ಮುಳುಗಿದ ಸಪ್ಪಳ. ಆ ಬಾವಿಗಿ ಕಬ್ಬಿಣದ ಜಾಳಗಿ ಬಿಗದು ಎಷ್ಟೋ ವರ್ಷ ಆಗ್ಯಾದ. ಆಮ್ಯಾಲ ಕಿವಿ ಹತ್ರ, ಸಣ್ಣಗ...

"ಘರ್ ಕೂ ಜಾ, ಬೇಟಾ."

ಮನಿಗಿ ಹೋಗು ಅಂತ. ಬಂದ. ನಿದ್ದಿ ಎಲ್ಲಿಂದ ಬರಬೇಕು.

ಮುಂಜಾನಿ ಮೊದಲನೇ ಬಸ್ಸಿಗಿ ಹೋದ. ಕೀಲಿ ಹಾಕಿದಂಗೇ ಇತ್ತು. ಸ್ಕ್ರೀನ್ ಮ್ಯಾಲ ಎರಡು ಸಾಲು. ಕಸದ ಫೋಲ್ಡರ್ ಸಿಗಲಿಲ್ಲ... ಅಳಸೂದು ಮುಗೀತು. ಆದರ ಅದರ ಕೆಳಗ ಕಂಪ್ಯೂಟರ್ ನಿಂತಿದ್ದು ಅವ್ವನ ಫೋಲ್ಡರಿನಾಗ ಅಲ್ಲ, ಅದನ್ನ ಇಟ್ಟಿದ್ದ ಹೊರಗಿನ ಫೋಲ್ಡರಿನಾಗ. ಅವ ಚಾಲೂ ಮಾಡೂ ರೀತಿಯಾಗ ಸ್ಕ್ರಿಪ್ಟ್ ತಾ ಎಲ್ಲಿ ಬೇಕಾದಲ್ಲಿ ಹೋಗಿ ಬರಲಿ, ಚಾಲೂ ಮಾಡಿದವ ಕುಂತಿದ್ದ ಫೋಲ್ಡರಿನಿಂದ ಅವನ್ನ ಮಾತ್ರ ಕದಲಸಂಗಿಲ್ಲ. ಯಾರರೇ ಕುಂತು ಟೈಪ್ ಮಾಡಿದ್ರಷ್ಟೇ ಹಂಗ ಆಗ್ತದಂತ.

ನಾ ಸರ್ಫರಾಜನ ಮ್ಯಾಲೇ ಬೊಟ್ಟು ಮಾಡಿದೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ, ಕೇಳೂಕಿಂತ ಮೊದಲೇ "ನಾ ಬಂದಿಲ್ರೀ" ಅಂದ. ಬ್ಯಾಟರಿ ಮುಗದಿತ್ತಂತ. ನಾ ನಂಬಲಿಲ್ಲ.

ಆದರ ಫೋಲ್ಡರ್ ತಗದು ನೋಡಿದ್ರ ಹತ್ತು ರೆಕಾರ್ಡಿಂಗ್ ಇದ್ವು. ಒಂದೇ ಇದ್ದಿದ್ದಿಲ್ಲ. ಎಲ್ಲಾ ಅಳಸು ಅನ್ನೂ ಚೀಟಿ ಒಂದನ್ನ ಹ್ಯಾಂಗ ಆರಸ್ತದ್ರೀ? ಫೈಲಿಗಿ ಹೆಸರಿಲ್ಲ, ಬರೇ ನಂಬರ. ಯಾವದರಾಗ ಏನದ ಅಂತ ವಕಾರ್ ಒಬ್ಬಗೇ ಗೊತ್ತು.

ಹೋಗಿದ್ದು ದವಾಖಾನಿದು. ಕಡೀ ರಾತ್ರಿ ಆಕಿ ಅವನ ಹಳೀ ಫೋನಿಗಿ ಕಳಿಸಿದ್ದು... "ಕಬ್ ಆತಾ ರೇ ತೂ?" ಯಾವಾಗ ಬರ್ತೀಯೋ ಅಂತ. ಅವ ಮುಟ್ಟೂದರಾಗ ಆಕಿ ಹೋಗಿದ್ಲು. ದಿನಾ ಅದನ್ನೇ ಕೇಳಿ ಕೇಳಿ ಅಳ್ತಿದ್ದ ಪಾಪ.

ಸುಳ್ಳಲ್ಲ. ಸ್ಟುಡಿಯೋಕ್ಕ ಹೋಗಿ ನಾನೇ ಕಣ್ಣಾರೆ ನೋಡೇನಿ. ಒಂದರಿಂದ ಹತ್ತರ ತನಕ ಸಾಲಾಗಿ ಅದಾವ. ಹನ್ನೊಂದು ಇಲ್ಲ.