ದೇವರ ಮನೆಯಲ್ಲಿದ್ದ ಕಾರ್ಡು

ಅಜ್ಜಂಪುರದ ಬ್ಯಾಂಕೊಂದರಲ್ಲಿ ಪಾಸ್‌ಬುಕ್ ಎಂಟ್ರಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಜೆರಾಕ್ಸ್ ಅಂಗಡಿಯ ಹೊನ್ನೇಶ್ ಮತ್ತು ಬಟ್ಟೆ ಹೊಲಿಯುವ ಅವನ ತಂಗಿ ತ್ರಿವೇಣಿ ಕೂತಿದ್ದರು. ಇಬ್ಬರೂ ದೊಡ್ಡ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದರು. ತಂಗಿಯದು ಮಂಜೂರಾಗಿತ್ತು, ಅಣ್ಣನದು ಆಗಿರಲಿಲ್ಲ.

“ಇಬ್ರೂ ಒಂದೇ ದಿನ ಎಫ್‌ಡಿ ಅಡ ಇಟ್ಟು ಚಿಕ್ಕ ಕ್ರೆಡಿಟ್ ಕಾರ್ಡ್ ತಗೊಂಡ್ವಿ. ಎರಡು ವರ್ಷ ಆಯ್ತು. ನಿಂಗೆ ಮಾತ್ರ ಹೆಂಗೆ ಕೊಟ್ರೇ?”

“ನಾನು ತಿಂಗ್ಳು ತಿಂಗ್ಳು ದಾರ, ಲೈನಿಂಗ್ ತಗೊಂಡು, ಬಿಲ್ ಬಂದ ಕೂಡ್ಲೆ ಪೂರ್ತಿ ಕಟ್ಟಿದೆ. ನೀನು?”

“ದೇವ್ರ ಮನೇಲಿಟ್ಟಿದ್ದೆ. ಒಂದ್ ರೂಪಾಯಿ ಮುಟ್ಟಿಲ್ಲ ಕಣೇ!”

“ಕುಂಕುಮ ಹಚ್ಚಿದ್ರೆ ಬ್ಯಾಂಕಿನೋರು ನೋಡೋ ಕ್ರೆಡಿಟ್ ಸ್ಕೋರ್ ಏರುತ್ತೇನಣ್ಣಾ? ಬಳಸಿ ಕಟ್ಟಿದ್ರೆ ತಾನೇ ಅವ್ರಿಗೆ ನಂಬಿಕೆ ಬರೋದು?”

“ದೊಡ್ಡ ಕಾರ್ಡ್ ಸಿಕ್ಕಿದ್ರೆ ಹೊಸ ಜೆರಾಕ್ಸ್ ಮಿಷನ್ ತಗೋತಿದ್ದೆ. ಅದಿಲ್ದೆ ಕಾಲೇಜ್ ಹುಡುಗ್ರೆಲ್ಲ ಬೇರೆ ಅಂಗಡಿಗೆ ಹೋಗ್ತಾವೆ. ಎದುರಿನ ಬ್ಯಾಂಕಲ್ಲಿ ಈಗ್ಲೇ ಕೇಳ್ತೀನಿ.”

“ಬೇಡ ಕಣಣ್ಣ. ಹೋದ್ವರ್ಷ ನಾನು ಒಂದೇ ವಾರ ಮೂರು ಬ್ಯಾಂಕಿಗೆ ಅರ್ಜಿ ಹಾಕಿ, ಇದ್ದ ಸ್ಕೋರೂ ಇಳಿಸ್ಕೊಂಡೆ. ಒಂದು ವರ್ಷ ತಡಿ.”

“ಒಂದು ವರ್ಷಾನಾ?”

“ಅಲ್ಲೀವರ್ಗೂ ಅಂಗಡಿ ಪೇಪರ್ ಬಂಡಲ್ ಈ ಚಿಕ್ಕ ಕಾರ್ಡಲ್ಲೇ ತಗೋ. ಬಿಲ್ ತಾರೀಕು ನಾನು ನೆನಪಿಸ್ತೀನಿ.”

ಹೊನ್ನೇಶ್ ಕಾರ್ಡಿನ ಮೇಲಿದ್ದ ಕುಂಕುಮವನ್ನು ಕರ್ಚೀಫಿನಿಂದ ಒರೆಸಿ, ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಎದುರಿನ ಬ್ಯಾಂಕಿನ ಮುಂದೆ ಇಬ್ಬರೂ ನಿಲ್ಲಲಿಲ್ಲ. ಪೇಪರ್ ಅಂಗಡಿಯ ಕಡೆ ನಡೆದರು.