ಬಸವನಹುಳು ಮೊದಲು ತಲುಪಿತು

ಕಣ್ಣಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪ್ರೊಫೆಸರ್ ಕೋಣೆಯ ಹೊರಗೆ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಅಟೆಂಡರ್ ಕಿವಿಯಾರೆ ಕೇಳಿದ್ದು. ಬೆಂಚಿನ ಮೇಲೆ ಇಬ್ಬರಿದ್ದರು: ಪಿಎಚ್‌ಡಿ ಸಂದರ್ಶನಕ್ಕೆ ಬಂದ ಹುಡುಗಿ, ಅದೇ ಪ್ರೊಫೆಸರ್ ಕೈಕೆಳಗೆ ತಲೆ ನರೆತ ಸಂಶೋಧಕ.

"ಅಣ್ಣಾ, ಕೈಯಲ್ಲಿರೋ ಕೆಲಸ ಬಿಟ್ಟು ಇವರ ಹತ್ರ ಸೇರ್ಲಾ?"

"ಮೊದ್ಲು ಇವರ ಹತ್ರ ಮುಗಿಸಿದವರನ್ನ ವಿಚಾರಿಸು ತಂಗಿ."

"ಹುಡುಕ್ದೆ. ಒಬ್ರೂ ಸಿಗ್ಲಿಲ್ಲ."

"ನನಗೂ ಸಿಕ್ಕಿಲ್ಲ."

"ನಿಮ್ಮ ವಿಷಯ ಏನು?"

"ಬಸವನಹುಳುವಿನ ನಡಿಗೆ. ಇಬ್ರೂ ಒಟ್ಟಿಗೇ ಹೊರಟ್ವಿ. ಅದು ತಲುಪ್ತು."

"ಪ್ರೊಫೆಸರ್ ಏನಂತಾರೆ?"

"ಅದನ್ನ ನೋಡಿ ಕಲಿ ಅಂತಾರೆ."

ಒಳಗಿಂದ ಕರೆ ಬಂತು. ಹುಡುಗಿ ಚೀಲ ಹೆಗಲಿಗೇರಿಸಿ ಎದ್ದಳು.

"ಧೈರ್ಯವಾಗಿ ಹೋಗು ತಂಗಿ. ಎಷ್ಟು ವರ್ಷ ಹಿಡಿಯುತ್ತೆ ಅಂತ ಮಾತ್ರ ಕೇಳ್ಬೇಡ, ಕೇಳಿದ್ರೆ ಅವರು..."

ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.