ಜೇಬಿನಲ್ಲೇ ಉಳಿದ ಸೆನ್ಸರ್

ಹೆಸರು ದಾಖಲೆಯಲ್ಲಿರುವಂತೆ, ಜನ ಕರೆಯುವುದು ವೈರ್ ಮೇಸ್ತ್ರಿ ಎಂದು, ವಯಸ್ಸು ನಲವತ್ತೊಂದು, ವೃತ್ತಿ ದೋಣಿಗಳಿಗೆ ವಿದ್ಯುತ್ ಉಪಕರಣ ಜೋಡಿಸುವುದು, ವಾಸ ದೋಣಿಗಳು ತಂಗುವ ದಕ್ಕೆಯ ಹಿಂದಿನ ಓಣಿ, ಹಸಿರು ಬಾಗಿಲಿನ ಮನೆ. ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಮಧ್ಯಾಹ್ನ 3.00 ಗಂಟೆಗೆ ನನ್ನ ಭಾವನ ಫೈಬರ್ ದೋಣಿಗೆ ಆಳ ತೋರಿಸುವ ಸೋನಾರ್ ಜೋಡಿಸಲು ಹೋದೆನು. ಅದರ ಸೆನ್ಸರ್ ಅಂಗೈಯಗಲದ ಬಿಲ್ಲೆ. ದೋಣಿಗೆ ತೂತು ಕೊರೆಯಲು ಭಾವ ಸುತರಾಂ ಒಪ್ಪದ ಕಾರಣ, ಒಳಗಿನಿಂದಲೇ ತಳಕ್ಕೆ ಅಂಟಿಸಬೇಕಿತ್ತು. ಅಂಟಿನಲ್ಲಿ ಗಾಳಿಗುಳ್ಳೆ ಉಳಿದರೆ ನೀರಿನಡಿಯಿಂದ ಮರಳುವ ಸದ್ದು ಕೇಳದೆ ಸೆನ್ಸರ್ ಕಿವುಡಾಗುತ್ತದೆ. 4.40ಕ್ಕೆ ನೋಡಿದಾಗ ಸೋಪಿನ ನೊರೆಯಂತೆ ಗುಳ್ಳೆ ಎದ್ದಿತ್ತು. ಒಣಗುವ ಮೊದಲೇ ಕಿತ್ತು, ಒರೆಸಿ, ನಾಳೆ ಹೊಸ ಅಂಟಿನಲ್ಲಿ ಕೂರಿಸೋಣವೆಂದು ಅಂಗಿಯ ಜೇಬಿಗೆ ಹಾಕಿಕೊಂಡೆನು.

5.00 ಗಂಟೆಗೆ ಬಂದ ಭಾವ, ಸೋನಾರ್‌ನ ಪರದೆ ಕಪ್ಪಗಿರುವುದನ್ನು ಕಂಡು, ಇಷ್ಟು ಹೊತ್ತು ತಳದಲ್ಲಿ ನಿದ್ದೆ ಹೊಡೆದೆಯಾ ಎಂದು ಹಂಗಿಸಿದರು. ಮಾನ ಉಳಿಸಿಕೊಳ್ಳಲು ನಾನು ಅಂಗಡಿಯವರು ಗಿರಾಕಿಗಳಿಗೆ ತೋರಿಸುವ ಡೆಮೊ ಹಾಕಿದೆನು. ಡೆಮೊಗೆ ಸೆನ್ಸರೂ ಬೇಡ, ನೀರೂ ಬೇಡ. ದೋಣಿ ನಿಂತಿದ್ದುದು ಎದೆಮಟ್ಟದ ನೀರಿನಲ್ಲಿ. ಪರದೆ ಹದಿನೆಂಟು ಮೀಟರ್ ತೋರಿಸಿತು. ಅದರಲ್ಲಿ ಓಡಾಡುವ ಮೀನುಗಳನ್ನು ನೋಡುತ್ತ ಭಾವ ಅಂಕಿಯ ಕಡೆ ಕಣ್ಣೇ ಹಾಯಿಸಲಿಲ್ಲ. ಕೆಲಸ ಮುಗಿಯಿತೇ ಎಂದು ಕೇಳಿದರು. ಮುಗಿದ ಹಾಗೇ ಎಂದೆನು. ಡೆಮೊ ತೆಗೆಯದೆಯೇ ಮನೆಗೆ ಬಂದೆನು.

ಇಂದು ಬೆಳಿಗ್ಗೆ 7.10ಕ್ಕೆ ಹೊಸ ಅಂಟು ಹಿಡಿದು ಹೋದಾಗ ದೋಣಿ ಇರಲಿಲ್ಲ. ಭಾವ ಮತ್ತು ನನ್ನ ಅಕ್ಕ 6.15ಕ್ಕೇ ಹೊರಟರೆಂದೂ, ಹೊಸ ಯಂತ್ರವಿರುವಾಗ ಬಂಡೆಸಾಲನ್ನು ಸುತ್ತುಬಳಸುವುದೇಕೆ, ನಡುವೆಯೇ ನುಗ್ಗುತ್ತೇನೆ ಎಂದು ಭಾವ ಕೊಚ್ಚಿಕೊಂಡರೆಂದೂ ಬಲೆ ಹೆಣೆಯುವವರು ತಿಳಿಸಿದರು. ಆಗ ಮಂಜು ಕವಿದಿತ್ತು. ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಬಂಡೆಸಾಲು ದಕ್ಕೆಯಿಂದ ಎರಡು ಕಿಲೋಮೀಟರ್. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಬಿಲ್ಲೆ ಅಲ್ಲೇ ಇತ್ತು.

ಭಾವನಿಗೆ ಫೋನ್ ಮಾಡಿದೆನು. ಫೋನ್ ಮನೆಯಲ್ಲೇ ಇತ್ತು. ಎತ್ತಿದವರು ಅಕ್ಕನ ಅತ್ತೆ. ಇಷ್ಟು ಬೆಳಿಗ್ಗೆ ಏನಪ್ಪಾ ಸಮಾಚಾರ ಎಂದರು. ಏನಿಲ್ಲ ಎಂದೆನು.

ನಾನೂರು ಮೀಟರ್ ದೂರದ ಈ ಹೊರಠಾಣೆಗೆ 7.25ಕ್ಕೆ ಒಂದೇ ಚಪ್ಪಲಿಯಲ್ಲಿ ತಲುಪಿದೆನು. ಈ ಮಂಜಿನಲ್ಲಿ ಯಾವ ದೋಣಿಯನ್ನೂ ಕಳಿಸಲಾಗದೆಂದು ಹೆಡ್ ಕಾನ್ಸ್‌ಟೇಬಲ್ ಹೇಳಿ, 7.30ರಿಂದ ನಿಮಿಷಕ್ಕೊಮ್ಮೆ ಸೈರನ್ ಊದಿಸಿದರು. ನಾನು ಎಣಿಸುತ್ತ ನಿಂತೆನು. ನಲವತ್ತನೆಯ ಸೈರನ್ ನಂತರ ನನಗೆ ಅಕ್ಕನ ಮುಖ ಸರಿಯಾಗಿ ನೆನಪಿಗೆ ಬರಲಿಲ್ಲ. ಎಪ್ಪತ್ತೊಂದನೆಯದು ಮುಗಿದಾಗ ಎಂಜಿನ್ ಸದ್ದು ಕೇಳಿಸಿತು.

ಇಬ್ಬರೂ ಇದ್ದರು. ದೋಣಿಯ ಬದಿಯಲ್ಲಿ ಒಂದೂವರೆ ಮಾರು ಬಣ್ಣ ಕೆತ್ತಿಹೋಗಿತ್ತು. ಅಲೆಯ ಸದ್ದು ಬೇರೆಯಾದಂತೆ ಕೇಳಿಸಿ ಅಕ್ಕ ಎಂಜಿನ್ ನಿಲ್ಲಿಸಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಳಂತೆ. ಆಮೇಲೆ ದಿಕ್ಕು ಗೊತ್ತಾದದ್ದು ಸೈರನ್‌ನಿಂದ.

ಅಕ್ಕ ಆ ಹಗ್ಗವನ್ನು ನನ್ನ ಮುಂದೆ ಹಿಡಿದಳು. ಮೊಣಕಾಲುದ್ದ ಮಾತ್ರ ಒದ್ದೆಯಾಗಿತ್ತು. "ಇಷ್ಟೇ ಕಣೋ ನೀರಿದ್ದದ್ದು. ನಿನ್ನ ಡಬ್ಬ ಹದಿನೆಂಟು ಅಂತಾನೇ ಇತ್ತು."

ನಾನು ಸೆನ್ಸರನ್ನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆನು.

ದೂರು ಕೊಡುವುದಿಲ್ಲವೆಂದು ಅಕ್ಕ ಹೇಳಿದ್ದಾಳೆ. ಭಾವ ಮಾತ್ರ ಹೊರಗೆ ಬೆಂಚಿನ ಮೇಲೆ, ಆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಮನೆಗೆ ಹೋಗಲು ನಾನು ಅವರನ್ನು ದಾಟಿಯೇ ಹೋಗಬೇಕು. ಆದ್ದರಿಂದ ಈ ಹೇಳಿಕೆಯನ್ನು ನನಗೆ ಇನ್ನೊಮ್ಮೆ, ಆದಷ್ಟು ನಿಧಾನವಾಗಿ, ಓದಿ ಹೇಳಬೇಕೆಂದು ಕೋರುತ್ತೇನೆ.

ಮೇಲಿನದೆಲ್ಲ ನಡೆದದ್ದೇ, ಮುಗಿದ ಹಾಗೇ ಎಂಬ ಮಾತೊಂದನ್ನು ಬಿಟ್ಟು ಎಲ್ಲವೂ ನಿಜ. ಸಹಿ ಸೊಟ್ಟಗಿದ್ದರೂ ನನ್ನದೇ.

ಸ್ಥಳ: ದಕ್ಕೆ ಹೊರಠಾಣೆ
ದಿನಾಂಕ: ಇದೇ ದಿನ, ಬೆಳಿಗ್ಗೆ 9.50
ಸಹಿ: (ವೈರ್ ಮೇಸ್ತ್ರಿ)